ಅಪ್ಪಯ್ಯನ ಮೆತ್ತಿನಲ್ಲಿ ಉಳಿದ ಹತ್ತೊಂಬತ್ತು ಸಾಮಾನು

ಅಪ್ಪಯ್ಯ ಹೋಗಿ ಹದಿನಾಲ್ಕನೇ ದಿನ. ಬೆಳಿಗ್ಗೆ ಆಚೆಮನೆ ಅತ್ತಿಗೆ ಬಂದು ಜಗಲಿಯ ಕೆಳಗೆ ನಿಂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಇಂಥ ಹೊತ್ತಲ್ಲಿ ಕೇಳಲೇಬಾರದು. ಆದ್ರೂ... ನಮ್ಮನೆ ಮಿಕ್ಸರ್ ಮಾವನ ಹತ್ರ ಇತ್ತು" ಅಂದರು.

ಹಿಂದಿನ ದಿನವಷ್ಟೇ ವೈಕುಂಠ ಸಮಾರಾಧನೆ ಮುಗಿದಿತ್ತು. ನೆಂಟರೆಲ್ಲ ಹೊರಟಿದ್ದರು. ತಮ್ಮ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿದ್ದ. ಮನೆಯಲ್ಲಿ ಆಯಿ, ನಾನು, ಕೊಟ್ಟಿಗೆಯಲ್ಲಿ ಎರಡು ದನ. ನಮ್ಮ ಮನೆ ಇರೋದು ಶಿರಸಿಯಿಂದ ದೇವಿಮನೆ ಘಟ್ಟದ ಕಡೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಒಳಗೆ. ಹನ್ನೊಂದು ಮನೆಯ ಊರು. ಹನ್ನೊಂದು ಮನೆಯಲ್ಲೂ ಏನು ಕೆಟ್ಟರೂ ಮೊದಲು ಬರುತ್ತಿದ್ದದ್ದು ನಮ್ಮ ಮನೆಯ ಮೆತ್ತಿಗೆ, ಅಂದರೆ ಮಾಡಿನಡಿಯ ಅಟ್ಟಕ್ಕೆ.

ಮಿಕ್ಸರ್ ಹುಡುಕಲು ಮೆತ್ತು ಹತ್ತಿದೆ. ಅಪ್ಪಯ್ಯ ಇಲ್ಲದ ಮೆತ್ತಿಗೆ ಕಾಲಿಟ್ಟದ್ದು ಅದೇ ಮೊದಲು. ಹಲಸಿನ ಹಲಗೆಯ ಉದ್ದ ಮೇಜು. ಅದರ ನೆತ್ತಿಗೆ ಸರಿಯಾಗಿ ಒಂದು ಗಾಜಿನ ಹಂಚು. ಬೆಳಕು ಕೈಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು ಅಂತ ಆ ಹಂಚನ್ನು ಮೂರು ಸಲ ಜಾಗ ಬದಲಿಸಿ ಹಾಕಿದ್ದ. ಮೇಲಿನ ರೀಪಿಗೆ ಹಾರ್ಲಿಕ್ಸ್ ಬಾಟಲಿಯ ಮುಚ್ಚಳಗಳನ್ನು ಮೊಳೆ ಹೊಡೆದು ಕೂರಿಸಿದ್ದ. ಬಾಟಲಿಗಳು ಅಲ್ಲಿಂದ ತಲೆಕೆಳಗಾಗಿ ತೂಗುತ್ತಿದ್ದವು. ಒಂದರಲ್ಲಿ ವಾಷರ್, ಒಂದರಲ್ಲಿ ಸ್ಕ್ರೂ, ಒಂದರಲ್ಲಿ ಸೈಕಲ್ ಟ್ಯೂಬಿನ ತುಂಡು. ಸೀಮೆಎಣ್ಣೆ, ಗ್ರೀಸು, ಒಣಗಿದ ಕವಳದ (ಎಲೆಅಡಿಕೆಯ) ವಾಸನೆ. ಅದು ಅಪ್ಪಯ್ಯನ ಅಂಗಿಯ ವಾಸನೆಯೇ ಆಗಿತ್ತು. ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ.

ಮಿಕ್ಸರ್ ಗೋಡೆ ಬದಿಯ ಕಪಾಟಿನಲ್ಲಿತ್ತು. ಆದರೆ ಅದೊಂದೇ ಇರಲಿಲ್ಲ. ಎಣಿಸಿದೆ. ಊರವರು ರಿಪೇರಿಗೆ ಕೊಟ್ಟ ಹತ್ತೊಂಬತ್ತು ಸಾಮಾನು. ಪ್ರತಿಯೊಂದಕ್ಕೂ ಬಾಳೆನಾರಿನಲ್ಲಿ ಕಟ್ಟಿದ ಒಂದು ಚೀಟಿ. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಖಾಲಿ ಇರುವ ಹಿಂಬದಿಯಲ್ಲಿ ಬಡಗಿಯ ಪೆನ್ಸಿಲಿನಿಂದ ಬರೆದದ್ದು. ಯಾರದ್ದು, ಏನಾಗಿದೆ, ಏನು ಮಾಡಬೇಕು. ಇಷ್ಟು ಬರೆದು ಸುಮ್ನೆ ಬಿಡುವ ಜನ ಅಲ್ಲ ಅಪ್ಪಯ್ಯ.

"ಆಚೆಮನೆ ಮಿಕ್ಸರ್. ಏನೂ ಆಗಿಲ್ಲ. ಅಡಿಯ ಕೆಂಪು ಗುಂಡಿ ಹಾರಿತ್ತು, ಒತ್ತಿದೆ. ಎರಡು ದಿನ ಬಿಟ್ಟು ಕೊಡುವುದು. ಅಷ್ಟರವರೆಗೆ ಒರಳಿನ ಚಟ್ನಿ ತಿನ್ನಲಿ."

"ಶಾಲೆ ಅಕ್ಕೋರ ಗಡಿಯಾರ. ದಿನಕ್ಕೆ ಹತ್ತು ನಿಮಿಷ ಮುಂದೆ. ಮಕ್ಕಳ ಪಕ್ಷ."

"ಕೊಡೆ ನಾಲ್ಕು. ಮೂರಕ್ಕೆ ಕಡ್ಡಿ ಹೋಗಿದೆ. ನಾಲ್ಕನೆಯದಕ್ಕೆ ಬರೀ ಬೇಜಾರು."

ಒಂದೊಂದೇ ಓದುತ್ತ ಹೋದೆ. ಕೆಳಗಿಂದ ಆಯಿ, "ಎಂತ ಆತೇ ಕೂಸೇ?" ಅಂದಳು. ನಾನು ಮೆತ್ತಿನ ಬಾಯಿಗೆ ಬಂದು ಕೊಡೆಯ ಚೀಟಿಯನ್ನು ಗಟ್ಟಿಯಾಗಿ ಓದಿ ಹೇಳಿದೆ. ಆಯಿ ನಕ್ಕಳು. ಹದಿನಾಲ್ಕು ದಿನದಲ್ಲಿ ಮೊದಲ ಸಲ. ನಕ್ಕು, ಹಾಗೇ ಸೆರಗು ಕಣ್ಣಿಗೆ ಒತ್ತಿಕೊಂಡಳು.

ಒಂದು ಚೀಟಿ ಮಾತ್ರ ಬೇರೆ ಥರ ಇತ್ತು. ಇಸ್ತ್ರಿಪೆಟ್ಟಿಗೆಯದ್ದು. "ಶಾಕ್ ಹೊಡೀತದೆ. ಯಾರೂ ಮುಟ್ಟಬೇಡಿ. ತಮಾಷೆ ಅಲ್ಲ." ಅಡಿಗೆರೆ ಬೇರೆ ಎಳೆದಿದ್ದ. ಕರೆಂಟಿನ ವಿಷಯದಲ್ಲಿ ಅಪ್ಪಯ್ಯ ಯಾವತ್ತೂ ನಗೆಚಾಟಿಕೆ ಮಾಡಿದವನಲ್ಲ.

ಅವತ್ತೇ ತೀರ್ಮಾನ ಮಾಡಿದೆ. ಈ ಹತ್ತೊಂಬತ್ತೂ ಅವರವರ ಮನೆ ಸೇರಬೇಕು. ಹಾಗೇ ವಾಪಸ್ ಕೊಡೋದಲ್ಲ, ಸರಿಯಾಗಿ ಸೇರಬೇಕು. ಹನ್ನೊಂದನ್ನು ಅಪ್ಪಯ್ಯ ಮುಗಿಸಿ ಇಟ್ಟಿದ್ದ. ಎಂಟು ಬಾಕಿ. ಜೂನಿನ ಮಿರ್ಗದ ಮಳೆ ಹಿಡಿಯುವುದರೊಳಗೆ ಅಂತ ಗಡುವು ಹಾಕಿಕೊಂಡೆ. ಅದು 2025ರ ಫೆಬ್ರವರಿ. ಕೈಯಲ್ಲಿ ನಾಲ್ಕು ತಿಂಗಳಿತ್ತು. ನನ್ನ ಕೆಲಸ ಹುಬ್ಬಳ್ಳಿಯಲ್ಲಿ. ಶನಿವಾರ ಮಧ್ಯಾಹ್ನ ಹೊರಟು ಸಂಜೆಗೆ ಮನೆ, ಸೋಮವಾರ ಬೆಳಗಿನ ಜಾವದ ಬಸ್ಸಿಗೆ ವಾಪಸ್. ಹೀಗೆ ಓಡಾಡಿದೆ.

ಅಪ್ಪಯ್ಯನ ಬಗ್ಗೆ ಸ್ವಲ್ಪ ಹೇಳಬೇಕು. ಎರಡು ಎಕರೆ ಅಡಿಕೆ ತೋಟದ ಮನುಷ್ಯ. ಹರೆಯದಲ್ಲಿ ಎರಡು ವರ್ಷ ಶಿರಸಿಯ ಒಂದು ಸೈಕಲ್ ಅಂಗಡಿಯಲ್ಲಿ ಕೆಲಸ ಕಲಿತಿದ್ದ. ಆಮೇಲೆ ಅಜ್ಜನಿಗೆ ಕೈಲಾಗದೆ ಹೋದಾಗ ತೋಟಕ್ಕೆ ವಾಪಸ್ ಬಂದ. ಆದರೆ ಕೈ ಸುಮ್ಮನಿರಲಿಲ್ಲ. ಗೋಬರ್ ಗ್ಯಾಸಿನ ಉರಿ ಕುಣಿಯತೊಡಗಿದರೆ ಪೈಪಿನಲ್ಲಿ ನೀರು ಕಟ್ಟಿದೆ ಅಂತ ದೂರದಿಂದಲೇ ಹೇಳುತ್ತಿದ್ದ. ಅಬ್ಬಿಯ ನೀರು ಮನೆಯ ಟಾಕಿಗೆ ಪಂಪಿಲ್ಲದೆ ಬರುವ ಹಾಗೆ ಪೈಪು ಎಳೆದವನು ಅವನೇ. ಅವನ ಎಂ80 ಗಾಡಿ ಶಿರಸಿಯ ಅಡಿಕೆ ಮಾರಾಟದ ಸಹಕಾರ ಸಂಘ ಟಿ.ಎಸ್.ಎಸ್.ಗೆ ಅಡಿಕೆ ಮೂಟೆ ಹೊತ್ತು ಹೋಗುತ್ತಿತ್ತು. ಬರುವಾಗ ಊರವರ ಕುಕ್ಕರಿನ ಗ್ಯಾಸ್ಕೆಟ್, ಟಾರ್ಚಿನ ಬಲ್ಬು, ಯಾರದೋ ಮಗುವಿನ ಔಷಧಿ ತರುತ್ತಿತ್ತು.

ಅವನು ಮಾಡಿದ ಕೆಲಸಗಳಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸೋದು ಅಡುಗೆಮನೆಯ ಒಲೆ. ಆಯಿಗೆ ಮದುವೆಯಾಗಿ ಬಂದ ಮೇಲೆ ಹೊಗೆಯಿಂದ ಕೆಮ್ಮು ಹಿಡಿದಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ಅಸ್ತ್ರ ಒಲೆ ಆಗ ನಮ್ಮ ಕಡೆ ಬರತೊಡಗಿತ್ತು. ಒಂದರ ಹಿಂದೆ ಒಂದು ಮೂರು ಪಾತ್ರೆ ಕೂರುವ ಒಲೆ. ಬೆಂಕಿ ಒಂದೇ ಕಡೆ, ಬಿಸಿ ಮೂರಕ್ಕೂ, ಹೊಗೆ ಕೊಳವೆಯಲ್ಲಿ ಮಾಡಿನ ಮೇಲೆ. ಅಪ್ಪಯ್ಯ ಬೇರೆ ಊರಿನಲ್ಲಿ ಅದನ್ನು ಕಟ್ಟುವಾಗ ಹೋಗಿ ನಿಂತು ನೋಡಿ, ಅಳತೆ ಬರೆದುಕೊಂಡು ಬಂದ. ಮಣ್ಣು ಕಲಸಿ ನಮ್ಮನೆಯಲ್ಲಿ ಕಟ್ಟಿದ. ಮೊದಲ ಒಲೆ ಹೊಗೆ ಒಳಗೇ ಬಿಟ್ಟಿತು. ಒಡೆದ. ಮತ್ತೆ ಕಟ್ಟಿದ. ಆಯಿಯನ್ನು ಮಣೆ ಮೇಲೆ ಕೂರಿಸಿ, ಅವಳ ಕೈ ಎಟುಕುವಷ್ಟೇ ದೂರಕ್ಕೆ ಮೂರನೇ ಪಾತ್ರೆಯ ಜಾಗ ಇಟ್ಟ. ಆಮೇಲೆ ಊರಿನ ಏಳು ಮನೆಗೆ ಅದೇ ಒಲೆ ಕಟ್ಟಿಕೊಟ್ಟ. ಪ್ರತಿ ಮನೆಯಲ್ಲೂ ಮೊದಲು ಅಡುಗೆ ಮಾಡುವವರನ್ನು ಕೂರಿಸಿ ಕೈಯ ಅಳತೆ ತೆಗೆಯುತ್ತಿದ್ದನಂತೆ. ಇದು ನನಗೆ ಗೊತ್ತಾದದ್ದು ಈ ಓಡಾಟದಲ್ಲಿ.

ಮಿಕ್ಸರ್ ಅವತ್ತೇ ಕೊಟ್ಟೆ. ಚೀಟಿ ತೋರಿಸಿದೆ. ಅತ್ತಿಗೆ ಓದಿ, "ಎರಡು ದಿನ ಅಲ್ಲ, ಹದಿನೆಂಟು ದಿನ ಒರಳಿನ ಚಟ್ನಿ ತಿನ್ನಿಸಿದ ಮಾವ" ಅಂತ ಅತ್ತುಬಿಟ್ಟರು. ಚೀಟಿಯನ್ನು ತಾವೇ ಇಟ್ಟುಕೊಂಡರು. ಆಮೇಲೆ ಗಡಿಯಾರ, ಟಾರ್ಚುಗಳು, ಕುಕ್ಕರ್, ಸಾಣೆ ಹಿಡಿದಿಟ್ಟ ಮೆಟ್ಟುಗತ್ತಿ. ಮುಗಿಸಿಟ್ಟವನ್ನು, ಒಂದನ್ನು ಬಿಟ್ಟು, ಎರಡು ವಾರದಲ್ಲಿ ತಲುಪಿಸಿ ಆಯಿತು. ಎಲ್ಲಿ ಹೋದರೂ ಆಸರಿಗೆ (ಬಂದವರಿಗೆ ಮೊದಲು ಕುಡಿಯಲು ಕೊಡುವುದು) ಕುಡಿಯದೆ ಬಿಡಲಿಲ್ಲ. ಎಲ್ಲ ಕಡೆಯೂ ಒಂದೊಂದು ಕಥೆ.

ಕಷ್ಟ ಆದದ್ದು ಬಾಕಿ ಎಂಟು. ಚಿಕ್ಕವಳಿದ್ದಾಗ ಅಪ್ಪಯ್ಯನ ಪಕ್ಕ ಕೂತು "ಹತ್ತು-ಹನ್ನೊಂದರ ಪಾನಾ ತಾ, ಇಕ್ಕಳ ತಾ" ಅಂದದ್ದನ್ನೆಲ್ಲ ತೆಗೆದುಕೊಟ್ಟಿದ್ದೆ. ಹತ್ಯಾರದ ಹೆಸರು ಗೊತ್ತು. ಕೆಲಸ ಗೊತ್ತಿರಲಿಲ್ಲ. ಇನ್ನೊಂದು ಮಿಕ್ಸರಿತ್ತು, ಮೇಲಿನಮನೆಯದ್ದು. ಜಾರು ಕೂರುವ ಜಾಗದ ರಬ್ಬರಿನ ಕಪ್ಲರ್ ಹಲ್ಲು ಉದುರಿತ್ತು. ಬಿಚ್ಚಲು ನೋಡಿದರೆ ಜಪ್ಪಯ್ಯ ಅನ್ನಲಿಲ್ಲ. ಅರ್ಧ ಗಂಟೆ ಒದ್ದಾಡಿದೆ. ಕೈ ಕೆಂಪಾಯಿತು. ಸಾಕು ಅಂತ ತಲೆ ಎತ್ತಿದರೆ ಎದುರಿನ ಹಲಗೆ ಗೋಡೆಯ ಮೇಲೆ ಅಪ್ಪಯ್ಯನ ಅಕ್ಷರ: "ಮಿಕ್ಸರ್ ಕಪ್ಲರ್ ಉಲ್ಟಾ ಥ್ರೆಡ್. ಬಿಚ್ಚಲು ಬಲಕ್ಕೆ." ನಾನು ಅಷ್ಟು ಹೊತ್ತೂ ಬಿಗಿ ಮಾಡುತ್ತಲೇ ಇದ್ದೆ. ಬಲಕ್ಕೆ ತಿರುಗಿಸಿದೆ. ಬಂತು.

ಆಮೇಲೆ ಗೋಡೆಯನ್ನು ಸರಿಯಾಗಿ ಓದಿದೆ. ಅಲ್ಲಿ ಇಲ್ಲಿ ಸಣ್ಣ ಸಣ್ಣ ಟಿಪ್ಪಣಿ. ಅಪ್ಪಯ್ಯನಿಗೆ ಅವು ಬೇಕಾಗಿರಲಿಲ್ಲ. ಅವನಿಗೆ ಎಲ್ಲ ಬಾಯಿಪಾಠ. ಹಾಗಾದರೆ ಯಾರಿಗೆ ಬರೆದದ್ದು?

ಇದಕ್ಕೆ ಉತ್ತರ ಸಿಕ್ಕಿದ್ದು ರೇಡಿಯೋ ಬಿಚ್ಚಿದಾಗ. ಕೆಳಗಿನಮನೆ ಅಜ್ಜಿಯ ಹಳೇ ರೇಡಿಯೋ, ಮರದ ಪೆಟ್ಟಿಗೆಯದ್ದು. ಚೀಟಿಯಲ್ಲಿ "ಮುಳ್ಳು ಓಡ್ತಿಲ್ಲ. ದಾರ ನೋಡುವುದು" ಅಂತಿತ್ತು. ಹಿಂದಿನ ಮುಚ್ಚಳದ ನಾಲ್ಕು ಸ್ಕ್ರೂ ತೆಗೆದೆ. ಬೆಣ್ಣೆಯಲ್ಲಿ ಸಿಕ್ಕಿಸಿದ ಹಾಗೆ ಸಲೀಸಾಗಿ ಬಂದವು. ನೋಡಿದರೆ ಎಳೆಯ ಮೇಲೆಲ್ಲ ಮೇಣ. ಸ್ಕ್ರೂ ಹಾಕುವ ಮೊದಲು ಮೇಣದ ಬತ್ತಿಗೆ ಒಮ್ಮೆ ಉಜ್ಜುವುದು ಅಪ್ಪಯ್ಯನ ಅಭ್ಯಾಸ. ಆಗ ಅದು ತುಕ್ಕು ಹಿಡಿದು ಕಚ್ಚಿಕೊಳ್ಳೋದಿಲ್ಲ. ಒಳಗೆ ಮೂಲೆಯಲ್ಲಿ ಒಂದು ಬೆಂಕಿಪೆಟ್ಟಿಗೆ ಅಂಟಿಸಿದ್ದ. ಅದರಲ್ಲಿ ಅದೇ ಅಳತೆಯ ಎರಡು ಸ್ಕ್ರೂ, ಒಂದು ಗೇಣು ದಾರ, ಚಿಟಿಕೆ ರಾಳದ ಪುಡಿಯ ಪೊಟ್ಟಣ. ದಾರ ರಾಟೆಯ ಮೇಲೆ ಜಾರಬಾರದು ಅಂತ ರಾಳ ಸವರುತ್ತಾರೆ. ಮುಂದೆ ಬಿಚ್ಚುವವರಿಗೆ ಬೇಕಾದದ್ದೆಲ್ಲ ಒಳಗೇ ಇತ್ತು. ನಾನು ಬಿಚ್ಚಿದ ಎಲ್ಲದರಲ್ಲೂ ಹೀಗೇ. ಅಪ್ಪಯ್ಯ ಯಾವುದನ್ನೂ ತಾನೇ ಕೊನೆಯವನು ಅಂತ ಕಟ್ಟಿರಲಿಲ್ಲ. ನನಗೆ ಇದು ಅವನ ನಗುವಿಗಿಂತ ದೊಡ್ಡ ಗುಣ ಅಂತ ಅನಿಸಿತು. ಅವನು ಬದುಕಿದ್ದಾಗ ನಾನಿದನ್ನು ಕಂಡಿರಲಿಲ್ಲ.

ಬೆಂಕಿಪೆಟ್ಟಿಗೆಯ ಅಡಿಗೆ ಇನ್ನೊಂದು ಚೀಟಿ. ಯಾವಾಗ ಏನು ಮಾಡಿದ್ದು ಅಂತ ಒಂದರ ಕೆಳಗೆ ಒಂದು.

"ದಾರ ಬದಲು."
"ಸೆಲ್ಲಿನ ಪಟ್ಟಿ ಉಜ್ಜಿದೆ."
"ಏನೂ ಆಗಿಲ್ಲ."
"ಏನೂ ಆಗಿಲ್ಲ."
"ಏನೂ ಆಗಿಲ್ಲ. ಹಲಸಿನ ಹಪ್ಪಳ ತಿಂದೆ."
"ದಾರ ಬದಲು."
"ಏನೂ ಆಗಿಲ್ಲ."

ಪ್ರತಿಯೊಂದಕ್ಕೂ ತಾರೀಖು. ಆರು ವರ್ಷದಲ್ಲಿ ಹದಿನೇಳು ಸಲ. ಅದರಲ್ಲಿ ಹನ್ನೆರಡು ಸಲ ಏನೂ ಆಗಿರಲಿಲ್ಲ. ಆರು ವರ್ಷದ ಹಿಂದೆ ಕೆಳಗಿನಮನೆ ಅಜ್ಜ ತೀರಿಕೊಂಡಿದ್ದರು.

ದಾರ ಹಾಕೋದು ನನಗೆ ಎರಡು ಭಾನುವಾರ ಹಿಡಿಯಿತು. ಗುಂಡಿಯಿಂದ ಹೊರಟು ಎರಡು ಸುತ್ತು, ರಾಟೆಯ ಮೇಲಿಂದ ಮುಳ್ಳಿಗೆ, ಮುಳ್ಳಿನಿಂದ ಆ ಕಡೆಯ ರಾಟೆಗೆ, ಮತ್ತೆ ಸ್ಪ್ರಿಂಗಿಗೆ. ಸ್ವಲ್ಪ ಸಡಿಲಾದರೆ ಮುಳ್ಳು ಓಡೋದಿಲ್ಲ, ಬಿಗಿಯಾದರೆ ಗುಂಡಿ ತಿರುಗೋದಿಲ್ಲ. ಕೊನೆಗೂ ಧಾರವಾಡ ಆಕಾಶವಾಣಿ ಹಿಡಿಯಿತು. ಅಜ್ಜಿಗೆ ಒಯ್ದು ಕೊಟ್ಟೆ. ಚೀಟಿಯ ವಿಷಯ ಹೇಳಬೇಕೋ ಬೇಡವೋ ಅಂತ ಯೋಚಿಸುತ್ತಿದ್ದೆ. ಅಜ್ಜಿಯೇ ಹೇಳಿದರು.

"ಅವಂಗೆ ಗೊತ್ತಿತ್ತು. ಆನು ರೇಡಿಯೋ ಕೆಟ್ಟಿದ್ದು ಹೇಳಿ ಕಳಿಸ್ತಿದ್ದಿ. ಅಂವ ಬಂದು ಬಿಚ್ಚಿ ಇಟ್ಕಂಡು ಒಂದು ತಾಸು ಕೂರ್ತಿದ್ದ. ಹಾಳಾಗಿದ್ದಿಲ್ಲೆ ಹೇಳಿ ಒಂದು ದಿನವೂ ಹೇಳಿದ್ನಿಲ್ಲೆ."

ಅವತ್ತು ನಾನೂ ಒಂದು ತಾಸು ಕೂತೆ. ಹೊರಡುವಾಗ ಅಜ್ಜಿ ಹಪ್ಪಳದ ಕಟ್ಟು ಕೊಟ್ಟರು. ಚೀಟಿಯನ್ನು ಅಲ್ಲೇ ಬೆಂಕಿಪೆಟ್ಟಿಗೆಯ ಕೆಳಗೆ ಮತ್ತೆ ಅಂಟಿಸಿದ್ದೇನೆ. ಅದು ಆ ರೇಡಿಯೋದ್ದು.

ಇಸ್ತ್ರಿಪೆಟ್ಟಿಗೆಯನ್ನು ನಾನು ಮುಟ್ಟಲಿಲ್ಲ. ಗೊತ್ತಿಲ್ಲದ ಕರೆಂಟಿನ ಕೆಲಸಕ್ಕೆ ಕೈ ಹಾಕಬಾರದು. ಇದನ್ನು ಓದುವವರಿಗೂ ಅದನ್ನೇ ಹೇಳುತ್ತೇನೆ. ಶಿರಸಿಗೆ ಒಯ್ದು ಕೊಟ್ಟೆ. ಅರ್ತಿಂಗ್ ತಂತಿ ಬಿಟ್ಟುಹೋಗಿತ್ತು ಅಂದರು.

ಗಟಾರ್ ಪಂಪಿನದ್ದು, ಅಂದರೆ ಅಡಿಕೆಗೆ ಮದ್ದು ಹೊಡೆಯುವ ಪಂಪಿನದ್ದು, ಬೇರೆಯೇ ಆತುರ. ಅದು ನಮ್ಮ ತೋಟಕ್ಕೆ ಅಡಿಕೆಯ ಕೊನೆ (ಗೊನೆ) ಕೊಯ್ಯಲು, ಮದ್ದು ಹೊಡೆಯಲು ಬರುವ ಕೊನೆಗೌಡನದ್ದು. ಮಳೆ ಹಿಡಿಯುವ ಮೊದಲು ಅಡಿಕೆಗೆ ಮೊದಲ ಮದ್ದು ಬೀಳದಿದ್ದರೆ ಕೊಳೆರೋಗ ಬಂತು ಅಂತಲೇ ಲೆಕ್ಕ. ಆ ಪಂಪಿನ ಮೇಲೆ ಅವನ ಎರಡು ತಿಂಗಳ ದುಡಿಮೆ ನಿಂತಿತ್ತು. ಮೇ ತಿಂಗಳಲ್ಲಿ ಅವನು ಬಂದು, "ಅಕ್ಕಾ, ಆಗ್ದಿದ್ರೆ ಬ್ಯಾಡ, ಹಾಂಗೇ ಕೊಡಿ" ಅಂದ. ಅವನ ಮುಖ ನೋಡಿ ನನಗೆ ನಿದ್ದೆ ಬರಲಿಲ್ಲ. ಮರುದಿನ ಇಬ್ಬರೂ ಸೇರಿ ಬಿಚ್ಚಿದೆವು. ವಾಲ್ವಿನ ಕೆಳಗೆ ಸುಣ್ಣ ಗಟ್ಟಿಯಾಗಿ ಕೂತಿತ್ತು. ಹೋದ ವರ್ಷದ ಮದ್ದು ತೊಳೆಯದೆ ಇಟ್ಟಿದ್ದ. ಹುಣಸೆಹಣ್ಣಿನ ನೀರಿನಲ್ಲಿ ಒಂದು ರಾತ್ರಿ ನೆನೆಸಿಟ್ಟೆವು. ಪ್ಯಾಕಿಂಗ್ ಹೊಸದು ತಂದೆ. ಪಂಪು ಒತ್ತಡ ಹಿಡಿಯಿತು.

ನೋಡೇಬಿಡುವ ಅಂತ ನಮ್ಮ ತೋಟಕ್ಕೇ ಮೊದಲು ಹೊಡೆಸಿದೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಡ್ರಮ್ಮಿನಲ್ಲಿ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತ ತಿರುವಬೇಕು. ಆಕಾಶದ ಬಣ್ಣ ಬರುತ್ತದೆ. ಅಪ್ಪಯ್ಯ ಆಗ ಸೊಂಟದ ಕತ್ತಿ ತೆಗೆದು ಒಂದು ನಿಮಿಷ ಅದ್ದಿ ಹಿಡಿಯುತ್ತಿದ್ದ. ಕತ್ತಿಗೆ ಕೆಂಪು ಹತ್ತಿದರೆ ಸುಣ್ಣ ಸಾಲದು. ಹತ್ತದಿದ್ದರೆ, "ಪಾಸು" ಅನ್ನುತ್ತಿದ್ದ, ಮಾಸ್ತರರ ಧಾಟಿಯಲ್ಲಿ. ಕೊನೆಗೌಡ ಕತ್ತಿ ಅದ್ದಿದ, ಎತ್ತಿದ, ನನ್ನ ಕಡೆ ತಿರುಗಿ "ಪಾಸು" ಅಂದ. ಅಪ್ಪಯ್ಯನ ಧಾಟಿಯಲ್ಲೇ. ಇಬ್ಬರೂ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಗ್ಯಾಸ್‌ಲೈಟು ಉಳಿದಿತ್ತು. ಊರ ದೇವಸ್ಥಾನದ್ದು, ಗಾಳಿ ಹೊಡೆದು ಸೀಮೆಎಣ್ಣೆಯಲ್ಲಿ ಉರಿಸುವ ದೀಪ. ಕಾರ್ತಿಕದ ದೀಪೋತ್ಸವದ ದಿನ ಎಷ್ಟೇ ಬಲ್ಬು ಇದ್ದರೂ ಪಲ್ಲಕ್ಕಿಯ ಮುಂದೆ ಇದೊಂದು ಬೇಕೇ ಬೇಕು. ಅಪ್ಪಯ್ಯ ಹುಡುಗನಾಗಿದ್ದಾಗ ಇದನ್ನೇ ತಲೆ ಮೇಲೆ ಹೊತ್ತು ಯಕ್ಷಗಾನದ ಬಯಲಾಟಕ್ಕೆ ಹೋಗುತ್ತಿದ್ದನಂತೆ. ರಾತ್ರಿ ಪೂರ್ತಿ ಅದರ ಪಕ್ಕ ಕೂತು, ಬೆಳಕು ಇಳಿದಾಗಲೆಲ್ಲ ಗಾಳಿ ಹೊಡೆಯುವ ಕೆಲಸ. ಅದಕ್ಕೇ ಅವನಿಗೆ ಎಲ್ಲ ಪ್ರಸಂಗವೂ ಬಾಯಿಪಾಠ ಇತ್ತು. ಚೀಟಿಯಲ್ಲಿ "ಗಾಳಿ ಹಿಡೀತಿಲ್ಲ. ಮುದುಕ. ವಾಷರ್ ಆಸರಿಗೆ ಕುಡೀತಿದೆ" ಅಂತಿತ್ತು.

ನನಗೆ ಅರ್ಥವಾಗಲಿಲ್ಲ. ಆಮೇಲೆ ಕಂಡಿತು. ಮೇಜಿನ ಒಳಮೂಲೆಯಲ್ಲಿ ಒಂದು ಕರಟ. ಅದರ ಮೇಲೆ ಧೂಳು ಬೀಳದ ಹಾಗೆ ಒಣಗಿದ ಬಾಳೆಲೆಯ ತುಂಡು ಮುಚ್ಚಿತ್ತು. ತೆಗೆದರೆ ಒಳಗೆ ಕೊಬ್ಬರಿ ಎಣ್ಣೆ. ಎಣ್ಣೆಯಲ್ಲಿ ಎಂಟಾಣೆಯಷ್ಟಗಲದ ಚರ್ಮದ ವಾಷರ್.

ಇದು ಅಪ್ಪಯ್ಯನ ಹಳೇ ಮಾತು. ತು​ಕ್ಕು ಹಿಡಿದ ನಟ್ಟಿಗೆ ಎಣ್ಣೆ ಬಿಟ್ಟು, ತಿರುಗಿಸಲು ಗಡಬಿಡಿ ಮಾಡುತ್ತಿದ್ದ ನಮಗೆ ಹೇಳುತ್ತಿದ್ದ. "ಗಡಬಿಡಿ ಮಾಡಡ. ಬಂದವಂಗೆ ಆಸ್ರಿಗೆ ಕೊಡದ್ದೇ ಕೆಲಸ ಹೇಳಲಾಗ್ತಿಲ್ಲೆ. ಕುಡಿಲಿ. ಕವಳ ಹಾಕಲಿ. ಸಾವಕಾಶ ಬತ್ತ." ಗ್ಯಾಸ್‌ಲೈಟಿನ ಪಂಪಿನ ವಾಷರ್ ಚರ್ಮದ್ದು. ಒಣಗಿದರೆ ಕುಗ್ಗುತ್ತದೆ, ಗಾಳಿ ಪಕ್ಕದಿಂದ ನುಸುಳುತ್ತದೆ. ಎಣ್ಣೆಯಲ್ಲಿ ನೆನೆಸಿದರೆ ಉಬ್ಬಿ ಮೆತ್ತಗಾಗುತ್ತದೆ. ಎರಡು ದಿನ ಸಾಕು. ಅದು ನಾಲ್ಕು ತಿಂಗಳು ಕೂತಿತ್ತು. ಆಸರಿಗೆ ಕೊಟ್ಟವನೇ ಬಂದಿರಲಿಲ್ಲ.

ಅಪ್ಪಯ್ಯ ಹೋದ ಆ ರಾತ್ರಿ ಊಟ ಮುಗಿಸಿ, ಜಗಲಿಯಲ್ಲಿ ಕವಳ ಹಾಕುತ್ತ ಆಯಿಯ ಜೊತೆ ನಾಳಿನ ಕೆಲಸದ ಮಾತಾಡುತ್ತಿದ್ದನಂತೆ. ಎದೆ ಹಿಡಿದುಕೊಂಡು ಒರಗಿದ. ಅಷ್ಟೇ. ಶಿರಸಿಯವರೆಗೂ ಹೋಗಲಾಗಲಿಲ್ಲ. ಎಪ್ಪತ್ತನಾಲ್ಕು ವರ್ಷ. ಮರುದಿನದ ಕೆಲಸ ಇದೇ ವಾಷರ್ ಆಗಿತ್ತು ಅಂತ ಆಯಿ ಈಗ ಹೇಳಿದಳು.

ಕರಟದಿಂದ ವಾಷರನ್ನು ಎತ್ತಿದೆ. ಹಣ್ಣಾದ ಎಲೆಯ ಹಾಗೆ ಮೆತ್ತಗಿತ್ತು. ಬೆರಳ ನಡುವೆ ಒತ್ತಿದರೆ ಎಣ್ಣೆ ಒಸರುತ್ತಿತ್ತು. ಪಂಪಿನ ಕಡ್ಡಿಗೆ ಹಾಕಿ, ಅಂಚು ಮಡಚಿಕೊಳ್ಳದ ಹಾಗೆ ತಿರುಗಿಸುತ್ತ ತಿರುಗಿಸುತ್ತ ಒಳಗೆ ಕಳಿಸಿದೆ. ಒತ್ತಿದೆ. ಬಿಗಿ ಬಂತು. ಅಂಗೈಗೆ ಎದುರು ಒತ್ತುವ ಗಾಳಿ ಸಿಕ್ಕಿತು.

ಸೀಮೆಎಣ್ಣೆ ಈಗ ಸಿಗೋದೇ ಕಷ್ಟ. ಯಾರೋ ಒಂದು ಬಾಟಲಿ ಹೊಂದಿಸಿ ಕೊಟ್ಟರು. ಹಚ್ಚಿದ್ದು ಜೂನ್ ಎರಡನೇ ಶನಿವಾರ. ಮಿರ್ಗ ಕೂಡಿ ಒಂದು ವಾರವಾಗುತ್ತ ಬಂದಿತ್ತು. ಸಂಜೆಯಿಂದ ಒಂದೇ ಸಮ ಮಳೆ. ಏಳು ಗಂಟೆಗೆ ಕರೆಂಟು ಹೋಯಿತು. ಆಯಿ, "ಇವತ್ತೇ ಹಚ್ಚು" ಅಂದಳು. ಹೊಸ ಮ್ಯಾಂಟಲ್ ಕಟ್ಟಿದೆ. ಬಟ್ಟಲಿಗೆ ಸ್ಪಿರಿಟ್ ಹಾಕಿ ಮೊದಲು ಕೊಳವೆ ಬಿಸಿ ಮಾಡಿದೆ. ಆಮೇಲೆ ಗಾಳಿ. ಕೀಲಿ ತಿರುಗಿಸಿದೆ. ಒಂದು ಸಲ ಭಗ್ ಅಂದಿತು. ಹಳದಿ ಉರಿ ಎದ್ದಿತು. ನಾನು ಹೆದರಿ ಹಿಂದೆ ಸರಿದೆ. ಆಯಿ ಅಲ್ಲೇ ಕೂತವಳು, "ಹೆದ್ರಡ, ಗಾಳಿ ಹೊಡಿ, ಗಾಳಿ ಹೊಡಿ" ಅಂದಳು. ಹೊಡೆದೆ. ಮ್ಯಾಂಟಲ್ ಸುಟ್ಟು, ಕುಗ್ಗಿ, ಬಿಳಿ ಬೂದಿಯ ಬಲೆಯಾಯಿತು. ಇನ್ನು ಅದನ್ನು ಮುಟ್ಟಿದರೆ ಪುಡಿ. ಹಾಗೇ ನೋಡುತ್ತ ನೋಡುತ್ತ ಸುಯ್ಯ್ ಅನ್ನುವ ಸದ್ದಿನ ಜೊತೆ ಬೆಳಕು ಬೆಳ್ಳಗೆ ತುಂಬಿತು. ಜಗಲಿ, ಅಂಗಳ, ಅಂಗಳದಾಚೆ ತೋಟದ ಮೊದಲ ಸಾಲಿನ ಮರ, ಮರದ ಮೇಲೆ ಇಳಿಯುವ ಮಳೆ.

ಕೆಳಗಿನಮನೆಯಿಂದ ಯಾರೋ ಕೂಗಿದರು. "ಯಾರ ಮನೆ ಲೈಟು?" ಆಯಿ ಎದ್ದು ಜಗಲಿಯ ತುದಿಗೆ ಹೋದಳು. "ನಮ್ಮನೇದೇ" ಅಂತ ಕೂಗಿ ಹೇಳಿದಳು. ಅವಳ ದನಿ ಅಷ್ಟು ದೊಡ್ಡದಾಗಿ ಕೇಳದೆ ನಾಲ್ಕು ತಿಂಗಳಾಗಿತ್ತು.

ಹದಿನೆಂಟು ಮುಗಿಯಿತು. ಒಂದು ಇನ್ನೂ ಮೆತ್ತಿನ ಮೇಲೇ ಇದೆ.

ಅದು ಪುಗ್ಗೆ (ಬಲೂನು) ಊದುವ ಹಿತ್ತಾಳೆಯ ಕೈಪಂಪು. ಚೀಟಿ: "ಜಾತ್ರೆ ಪುಗ್ಗೆಯವನದ್ದು. ಊರು ಕೇಳಲು ಮರೆತೆ. ಮುಂದಿನ ಜಾತ್ರೆಗೆ ಬರ್ತಾನೆ." ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚಿನಲ್ಲಿ ಅಪ್ಪಯ್ಯ, ಆಯಿ ಇಬ್ಬರೂ ಹೋಗಿದ್ದರು. ಬಿಡ್ಕಿಬೈಲಿನಲ್ಲಿ ಗದ್ದುಗೆಯ ಮೇಲೆ ಕೂತ ದೇವಿಯ ದರ್ಶನ ಮಾಡಿ, ಹಣ್ಣುಕಾಯಿ ಕೊಟ್ಟು ಬರುವಾಗ ಅಪ್ಪಯ್ಯ ಕಾಣೆಯಾದನಂತೆ. ಹುಡುಕಿದರೆ ಪುಗ್ಗೆ ಮಾರುವವನ ಪಕ್ಕ ನೆಲದ ಮೇಲೆ ಕೂತಿದ್ದ. ಅವನ ಪಂಪು ಗಾಳಿ ಕೊಡುತ್ತಿರಲಿಲ್ಲ, ಬಾಯಲ್ಲೇ ಊದುತ್ತಿದ್ದ. ಅಲ್ಲಿ ರಿಪೇರಿ ಆಗುವಂಥದ್ದಲ್ಲ, ವಾಷರ್ ಪೂರ್ತಿ ಹರಿದಿತ್ತು. ಅಪ್ಪಯ್ಯ ತಕ್ಷಣ ಪೇಟೆಗೆ ಹೋಗಿ ಒಂದು ಪ್ಲಾಸ್ಟಿಕ್ ಪಂಪು ತಂದುಕೊಟ್ಟ. ಹಿತ್ತಾಳೆಯದ್ದನ್ನು ಸರಿ ಮಾಡಿ ಇಟ್ಟಿರ್ತೇನೆ, ಮುಂದಿನ ಜಾತ್ರೆಗೆ ಒಯ್ಯಿ ಅಂದ. ಅದು ಅವನ ಅಪ್ಪನ ಕಾಲದ್ದಂತೆ. ಅವನು ಬದಲಿಗೆ ಒಂದು ಕೆಂಪು ಪುಗ್ಗೆ ಕೊಟ್ಟ. ಎಪ್ಪತ್ತಮೂರು ವರ್ಷದ ಅಪ್ಪಯ್ಯ ಅದನ್ನು ಎಂ80ಯ ಹ್ಯಾಂಡಲಿಗೆ ಕಟ್ಟಿಕೊಂಡು ಮನೆಗೆ ಬಂದ.

ಅವನ ಗುರುತು ಆಯಿಗೆ ಮಾತ್ರ ಗೊತ್ತು. ಎಡಗೈಗೆ ದಪ್ಪ ಬೆಳ್ಳಿ ಕಡಗ, ಕಪ್ಪು ಟೋಪಿ. "ನೋಡಿದ್ರೆ ಹೇಳ್ತಿ" ಅನ್ನುತ್ತಾಳೆ.

ಇದನ್ನು ಬರೆಯುವಾಗ ತೋಟದಲ್ಲಿ ಕೊನೆ ಕೊಯ್ಲು ಶುರುವಾಗಿದೆ. 2026ರ ಜಾತ್ರೆಗೆ ಇನ್ನು ಕೆಲವೇ ತಿಂಗಳು. ಪಂಪಿಗೆ ಅಪ್ಪಯ್ಯ ಹೊಸ ಚರ್ಮದ ವಾಷರ್ ಕತ್ತರಿಸಿ ಹಾಕಿ ಮುಗಿಸಿಯೇ ಇಟ್ಟಿದ್ದ. ಹಿತ್ತಾಳೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದ್ದೇನೆ. ಊರಿಗೆ ಬಂದಾಗಲೆಲ್ಲ ಮೆತ್ತು ಹತ್ತಿ, ಕಡ್ಡಿ ಮೇಲೆಳೆದು, ವಾಷರಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು ಇಳಿಯುತ್ತೇನೆ. ಕೆಳಗಿಂದ ಆಯಿ ಕೇಳುತ್ತಾಳೆ, "ಆಸ್ರಿಗೆ ಕೊಟ್ಯನೇ?"